ಇಪ್ಪತ್ತಕ್ಕೊಂದು ಹರಳು

ಮೊರಬದ ಮೈಲಾರವ್ವ ಯಾವುದನ್ನೂ ಸುಮ್ಮನೆ ನಂಬುವ ಹೆಂಗಸಲ್ಲ. ಬಸ್ಸು ಬಂತು ಅಂತ ಹತ್ತು ಮಂದಿ ಕೂಗಿದರೂ ಗಾಲಿ ಕಣ್ಣಿಗೆ ಬೀಳುವತನಕ ಗಂಟು ಎತ್ತುತ್ತಿರಲಿಲ್ಲ. ಅಂಗಡಿಯಲ್ಲಿ ಉಪ್ಪು ಕೊಟ್ಟರೆ ನಾಲಿಗೆಗೆ ಹಚ್ಚಿ ನೋಡಿಯೇ ಸೆರಗಿಗೆ ಕಟ್ಟುವಳು. ಕುರಿಗೆ ಸೂಜಿ ಮಾಡಲು ಬಂದ ಡಾಕ್ಟರ ಕೈಯೊಳಗಿನ ಬಾಟಲಿ ಇಸಿದುಕೊಂಡು ಮೂಸಿ, "ಇದರಾಗ ಬರೇ ನೀರೈತಿ" ಅಂದು ಅವರನ್ನು ಬಿಸಿಲಲ್ಲಿ ತಾಸುಗಟ್ಟಲೆ ನಿಲ್ಲಿಸಿದವಳು. ಹಂಗಂತ ಕೆಟ್ಟವಳೇನಲ್ಲ. ಗಂಡ ಹೋದ ಮೇಲೆ ಅರವತ್ತು ಕುರಿ, ಒಂದು ಹೆಣ್ಣುಕೂಸು ಇಟ್ಟುಕೊಂಡು ಬಾಳೇವು ಮಾಡಬೇಕಾದ ಹೆಂಗಸು ಮತ್ತೆ ಹೆಂಗಿದ್ದಾಳು ಹೇಳ್ರಿ?

ಎಪ್ಪತ್ತಾರನೇ ಇಸವಿಯ ಮಾಘದಲ್ಲಿ ಒಂದು ದಿನ ಸಾಲಿಯ ಪ್ರಭಂಜನ ಮಾಸ್ತರರು ಅವಳ ಹಟ್ಟಿಯತನಕ ನಡೆದು ಬಂದರು. ಧೋತರದ ಚುಂಗು ಹಿಡಿದುಕೊಂಡು, ಹಿಕ್ಕೆ ತುಳಿಯದಂತೆ ಜಿಗಿಜಿಗಿದು ಬಂದದ್ದು ನೋಡಿಯೇ ಅವಳಿಗೆ ಅನುಮಾನ ಬಂತು.

"ಮೈಲಾರವ್ವ, ಬುಧವಾರ ಬ್ಲಾಕ್ ಆಫೀಸಿನವರು ಸಾಲಿಗೆ ಸಿನೆಮಾ ಮಷೀನ್ ತರ್ತಾರ. ಹಳೇ ರೀಲಿನ ಯಾದಿ ಕಳಿಸ್ಯಾರ. ಒಂದರಾಗ ಬರದಾರ ನೋಡು: ಮೊರಬ, ಕುರಿ ಎಣಿಕೆ, ಕುರಿಗಾರ ಮಾಳಪ್ಪ."

ಗಂಡನ ಹೆಸರು ಅವಳು ಬಾಯಿಬಿಟ್ಟು ಅಂದವಳಲ್ಲ. ಮಂದಿಯ ಬಾಯಲ್ಲಿ ಕೇಳಿಯೂ ಏಳು ವರ್ಷವಾಗಿತ್ತು. ಅಲ್ಲೇ ಕಲ್ಲಿನ ಮೇಲೆ ಕುಂತಳು.

ಒಂಬತ್ತು ವರ್ಷದ ಹಿಂದಿನ ಆ ದಿನ ಅವಳಿಗೆ ನೆನಪಿತ್ತು. ಮಗಳು ಲಕ್ಷ್ಮವ್ವ ಹುಟ್ಟಿ ಇಪ್ಪತ್ತು ದಿನ, ತಾನು ಬಾಣಂತಿ. ಸಂಜೆ ಗಂಡ ಬಂದು, "ಇವತ್ತ ಸರಕಾರದವ್ರು ಬಂದು ನಮ್ಮ ಫೋಟೋ ಹಿಡದ್ರಲೇ, ಓಡಾಡೂ ಫೋಟೋ" ಅಂದಿದ್ದ. ಇವಳು ನಂಬಿರಲಿಲ್ಲ. "ನಿನ್ನ ಫೋಟೋ ಯಾರ ಹಿಡೀತಾರ, ಸುಮ್ನ ಮಲಕ್ಕೊ" ಅಂದಿದ್ದಳು. ಎರಡು ವರ್ಷಕ್ಕೆ ಅಣ್ಣಿಗೇರಿ ಕಡೆ ಕುರಿ ಹೊಡೆದುಕೊಂಡು ಹೋದಾಗ ಹಾವು ಕಡಿದು ಸತ್ತ. ಅವನದು ಒಂದು ಪಟ ಅಂತ ಮನೆಯಲ್ಲಿ ಇರಲಿಲ್ಲ. ಮಗಳು "ಅಪ್ಪ ಹೆಂಗಿದ್ದ?" ಅಂತ ಕೇಳಿದಾಗೆಲ್ಲ "ಎತ್ತರಿದ್ದ" ಅನ್ನುವಳು, ಅದಕ್ಕಿಂತ ಹೆಚ್ಚು ಹೇಳಲು ಬರುತ್ತಿರಲಿಲ್ಲ. ಆ ಹುಡುಗಿ ಸಂತೆಯಲ್ಲಿ ಎತ್ತರದ ಗಂಡಸು ಕಂಡರೆ ಸಾಕು, ನಿಂತು ಮುಖ ನೋಡುತ್ತಿತ್ತು. ಮೈಲಾರವ್ವ ಅದರ ರಟ್ಟೆ ಹಿಡಿದು ಮುಂದಕ್ಕೆ ಎಳೆದುಕೊಂಡು ಹೋಗುವಳು.

"ಮಾಸ್ತರ, ಖರೇನ?" ಅಂದಳು. "ಅಂವಽ ಅದಾನೇನು?"

"ಕಾಗದದಾಗ ಹಂಗಽ ಅದ."

"ಕಾಗದದಾಗ ಏನರ ಬರೀತಾರ್ರಿ. ನಾ ಕಣ್ಣಾರೆ ನೋಡಿ ಹೇಳತೀನಿ."

ಬುಧವಾರ ಮಧ್ಯಾಹ್ನ ಸಾಲಿಯ ದೊಡ್ಡ ಖೋಲಿಯನ್ನು ಕತ್ತಲೆ ಮಾಡಲು ಕುರುಬರೆಲ್ಲ ತಮ್ಮ ತಮ್ಮ ಕಂಬಳಿ ತಂದು ಕಿಟಕಿಗೆ ಕಟ್ಟಿದ್ದರು. ಒಳಗೆ ಉಣ್ಣೆಯ ಕಮಟು, ಬೆವರು, ಹುಡುಗರ ಗದ್ದಲ. ಗೋಡೆಗೆ ಮಾಸ್ತರರ ಬಿಳಿ ಧೋತರವನ್ನೇ ಬಿಗಿದು ಕಟ್ಟಿದ್ದರು. ನಡುವೆ ಮೇಜಿನ ಮೇಲೆ ಮಷೀನು, ಅದರ ಬಾಜೂಕ ಮಾಬುಸಾಬ. ಬ್ಲಾಕ್ ಆಫೀಸಿನ ಮಷೀನು ನಡೆಸುವವ, ಕೊರಳಿಗೆ ಕರವಸ್ತ್ರ ಸುತ್ತಿಕೊಂಡು ಅಗದಿ ಠೀವಿಯಿಂದ ನಿಂತಿದ್ದ.

ಅವನ ಕಿವಿಯ ಹತ್ತಿರ ಬಾಯಿಟ್ಟು ಯಾರೋ ಏನೋ ಹೇಳುತ್ತಿದ್ದರು. ಯಾರೋ ಏನು, ತಿರಕಪ್ಪ! ಮಾಳಪ್ಪನ ಅಣ್ಣ, ಅವಳ ಭಾವ. ಮೈಲಾರವ್ವನ ಮೈ ಉರಿಯಿತು.

ತಿರಕಪ್ಪನ ಮೋರೆ ನೋಡಿ ಅವಳು ಮಾತಾಡಿ ಏಳು ವರ್ಷ. ಮಾಳಪ್ಪ ಸತ್ತ ಮೇಲೆ ಹಟ್ಟಿಯ ಕುರಿ ಪಾಲಾಗುವಾಗ ಜಗಳ ಬಿದ್ದದ್ದು. ಮಾಳಪ್ಪ ಕುರಿ ಎಣಿಸುತ್ತಿದ್ದದ್ದು ಇಪ್ಪತ್ತರ ಲೆಕ್ಕದಲ್ಲಿ. ಹಟ್ಟಿಯ ಬಾಯಲ್ಲಿ ನಿಂತು, ಮೊದಲನೆಯದಕ್ಕೆ ಒಂದು ಅನ್ನದೆ 'ಲಾಭ' ಅಂದು, ಎರಡು, ಮೂರು ಅಂತ ಇಪ್ಪತ್ತು ತುಂಬಿದರೆ ಲೆಕ್ಕಕ್ಕೆ ಕಂಬಳಿಯ ಮಡಿಲಿಗೆ ಒಂದು ಹರಳುಕಲ್ಲು ಹಾಕಿಕೊಳ್ಳುವನು. ಅವರಪ್ಪನೂ ಹಾಗೆಯೇ ಎಣಿಸುತ್ತಿದ್ದ, ಮೈಲಾರವ್ವನೂ ಹಾಗೆಯೇ ಕಲಿತಳು. ತಿರಕಪ್ಪ ಮಾತ್ರ ಹುಡುಗನಿದ್ದಾಗ ನವಲಗುಂದದ ದೇಸಾಯರ ಕುರಿ ಕಾಯಲು ಹೋಗಿ, ಇಪ್ಪತ್ತೈದಕ್ಕೊಂದು ಹರಳು ಹಾಕುವುದನ್ನು ರೂಢಿ ಮಾಡಿಕೊಂಡು ಬಂದಿದ್ದ. ಪಾಲಿನ ದಿನ ಅವನ ಹರಳಿಗೂ ಇವಳ ಹರಳಿಗೂ ತಾಳೆಯಾಗಲಿಲ್ಲ. ಇವಳ ಪಾಲಿಗೆ ಮೂರು ಕುರಿ ಕಡಿಮೆ ಬಂದವು. "ಬೇಕಂತಽ ತಪ್ಪಿಸಿ ಎಣಿಸ್ಯಾನ" ಅಂದವಳು ಇವತ್ತಿನವರೆಗೂ ಆ ಮಾತು ಬಿಟ್ಟಿರಲಿಲ್ಲ.

ಮಂದಿಯನ್ನು ದಾಟಿಕೊಂಡು ಸೀದಾ ಮಷೀನಿನ ಹತ್ತಿರ ಹೋದಳು. ತಿರಕಪ್ಪ ಅವಳನ್ನು ಕಂಡು ಹಿಂದೆ ಸರಿದು ಗೋಡೆಗೆ ಹೋಗಿ ಕುಂತ.

"ಏನಂದ ಆತ?"

"ಏನಿಲ್ಲಬೇ," ಅಂದ ಮಾಬುಸಾಬ. "ಆ ಕುರಿ ರೀಲ್ ಹಾಕಬ್ಯಾಡ ಅಂದ. ಹಳೇದು, ಹರಿದೀತು ಅಂತ."

"ಅವನಪ್ಪನ ಮನಿದೇನು ರೀಲು? ನನ್ನ ಮಗಳು ಅವರಪ್ಪನ್ನ ನೋಡಬಾರ್ದು ಅಂತ ಹೊಟ್ಟೀಕಿಚ್ಚು. ಹಾಕ್ರಿ, ಅದನ್ನಽ ಹಾಕ್ರಿ!"

ಮೊದಲು ಗೊಬ್ಬರದ ಚಿತ್ರ, ಆಮೇಲೆ ಬಾವಿಗೆ ಔಷಧ ಹಾಕುವ ಚಿತ್ರ ಆದವು. ಅವುಗಳಲ್ಲಿ ಮಾತಿತ್ತು, ಹಾಡಿತ್ತು. ಕೊನೆಗೆ ಕುರಿ ರೀಲು. ಇದಕ್ಕೆ ಮಾತೂ ಇಲ್ಲ ಹಾಡೂ ಇಲ್ಲ, ಮಷೀನಿನ ಕರಕರ ಸಪ್ಪಳ ಒಂದೇ. ಮಳೆ ಹನಿಯುತ್ತಿದೆ, ಹಟ್ಟಿಯ ಬಾಯಲ್ಲಿ ಒಬ್ಬ ಎತ್ತರದ ಗಂಡಸು, ಕಂಬಳಿಯನ್ನು ತಲೆತುಂಬ ಹೊದ್ದು ನಿಂತಿದ್ದಾನೆ. ಮೋರೆ ಸರಿಯಾಗಿ ಕಾಣುವುದಿಲ್ಲ, ಮೂಗು ಮೀಸೆ ಕಂಡಂತಾಗುತ್ತದೆ. ಬಾಜೂಕ ಕುಂತಿದ್ದ ಲಕ್ಷ್ಮವ್ವ ಅವ್ವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿತು.

ಅವನು ನಡೆಯತೊಡಗಿದ ಕೂಡಲೇ ಖೋಲಿಗೆ ಖೋಲಿಯೇ ನಕ್ಕಿತು. ಕೆಂಡ ತುಳಿದವನ ಹಾಗೆ ಪಟಪಟ ಪಟಪಟ ಕಾಲು ಎತ್ತಿಡುತ್ತಾನೆ. ಕುರಿಗಳು ಇಲಿ ಓಡಿದಂತೆ ಬುಳುಬುಳು ಹೊರಗೆ ಬೀಳುತ್ತಿವೆ. ಅವನ ಕೈ ಯಾವಾಗ ಎದ್ದಿತೋ ಯಾವಾಗ ಇಳಿಯಿತೋ ದೇವರಿಗೇ ಗೊತ್ತು. "ಲಕ್ಷ್ಮೀ, ನಿಮ್ಮಪ್ಪ ಕುಣ್ಯಾಕತ್ತಾನ ನೋಡಲೇ!" ಅಂತ ಹಿಂದಿನಿಂದ ಒಬ್ಬ ಕೂಗಿದ. ಮತ್ತೊಮ್ಮೆ ನಗು.

ಲಕ್ಷ್ಮವ್ವ ಕೈ ಬಿಟ್ಟಿತು. "ಅವ್ವಾ, ನಮ್ಮಪ್ಪಗ ಹುಚ್ಚ ಹಿಡದಿತ್ತೇನ?"

ಏಳು ವರ್ಷದಿಂದ ಕಾದ ಹುಡುಗಿ ಕೇಳಿದ್ದು ಇದನ್ನು. ಮೈಲಾರವ್ವ ಎದ್ದು ನಿಂತಳು. ಅವಳ ನೆರಳು ಧೋತರದ ತುಂಬ ಬಿತ್ತು.

"ನಿಂದರಸ್ರಿ! ಇದರಾಗ ಏನೋ ಮೋಸ ಐತಿ!"

ಮಾಬುಸಾಬ ದೀಪ ಹಚ್ಚಿದ. "ಏನ್ ಮೋಸಬೇ? ಇದು ಮಷೀನು, ಸುಳ್ಳ ಹೇಳಂಗಿಲ್ಲ."

"ಮಷೀನ್ ಹೇಳಂಗಿಲ್ಲ, ನಡಸಾವ್ರು ಹೇಳತಾರ. ಲಗೂ ಮನೀಗೆ ಹೋಗೂಣು ಅಂತ ಓಡಸಾಕತ್ತೀಯೋ, ಇಲ್ಲಾ ಗ್ವಾಡೀಗೆ ಕುಂತಾವ ಏನರ ಹೇಳಿಕೊಟ್ಟಾನೋ?" ಅಂತ ತಿರಕಪ್ಪನ ಕಡೆ ಕೈ ಮಾಡಿದಳು. ತಿರಕಪ್ಪ ತಲೆ ಎತ್ತಲಿಲ್ಲ.

ಮಾಬುಸಾಬನಿಗೂ ಸಿಟ್ಟು ಬಂತು. ಹನ್ನೆರಡು ವರ್ಷ ಮಷೀನು ನಡೆಸಿದವನು ಒಬ್ಬ ಹೆಂಗಸಿನಿಂದ ಇಂಥ ಮಾತು ಕೇಳಬೇಕೇ! "ಕೇಳು ತಾಯಿ. ಈ ಪಟ್ಟಿಯೊಳಗ ಸಣ್ಣ ಸಣ್ಣ ಚಿತ್ರ ಇರತಾವ. ಸೆಕೆಂಡಿಗೆ ಇಪ್ಪತ್ನಾಲ್ಕು ಚಿತ್ರ ಬಿಟ್ರ ಕಣ್ಣಿಗೆ ತಂಪು, ಎಣ್ಣಿ ಹಾಕಿದಂಗ ಜಾರತೈತಿ. ಈಗ ಎಲ್ಲಾ ಸಿನೆಮಾ ಹಿಂಗಽ. ಇನ್ನೂ ಹೆಚ್ಚು ಬಿಟ್ರ ಇನ್ನೂ ಚಲೋ ಕಾಣತೈತಿ ಅಂತಾರ. ಇದು ಕೀಲಿ ಕೊಡೂ ಹಳೇ ಕ್ಯಾಮೆರಾದಾಗ ತಗದದ್ದು, ಸೆಕೆಂಡಿಗೆ ಹದಿನಾರರದು. ಹದಿನಾರಕ್ಕ ಇಳಿಸಿದ್ರ ಮಿಣಮಿಣ ಅಂತೈತಿ, ಮಂದಿ ಕಣ್ಣ ನೋಯ್ತಾವು ಅಂತ ನನಗಽ ಬೈತಾರ."

"ಅಂದ್ರ ಅವರು ಸಾವಕಾಶ ತಗದದ್ದನ್ನ ನೀ ಓಡಿಸಿದಿ. ಹೌದಲ್ಲೋ?"

"ಚಂದ ಕಾಣಲಿ ಅಂತ ಓಡಿಸಿದೆ."

"ಚಂದ ತಗೊಂಡು ಏನ ಮಾಡ್ಲಿ? ಇವರಪ್ಪ ನಡದಂಗ ನಡೀಲಿ."

"ಓಡಲಿ ಬಿಡಬೇ, ನೆಟ್ಟಗ ಕಾಣತೈತಿ" ಅಂದ ಮಡಿವಾಳೆಪ್ಪ, ಮುಂದೆ ಕುಂತ ಪಂಚಾಯತಿ ಹಿರಿಯ.

"ಓಡತೈತೇನು? ಹಂಗಾದ್ರ ಎಣಸ್ರಿ!" ಅಂದಳು ಮೈಲಾರವ್ವ. "ಇಲ್ಲಿ ಕುಂತಾವ್ರು ಎಲ್ಲಾರೂ ಕುರಿ ಕಾಯಾವ್ರು. ಇಷ್ಟು ಲಗೂ ಯಾವ ಗಂಡಸಿನ ನಾಲಿಗಿ ಹೊರಳತೈತಿ, ಎಣಿಸಿ ತೋರಸ್ರಿ ನೋಡೂಣು."

ಮಾಸ್ತರರು ನಗುತ್ತ, "ಸಾಹೇಬರ, ಹಾಕ್ರಿ. ಪರೀಕ್ಷಾ ಆಗೇ ಹೋಗ್ಲಿ" ಅಂದರು.

ಮತ್ತೆ ಕತ್ತಲೆ. ಖೋಲಿಯ ತುಂಬ ಗಂಡಸರು ಲಾಭ, ಎರಡು, ಮೂರು ಅಂತ ಸುರುಮಾಡಿದರು. ಎಂಟು ಅನ್ನುವಷ್ಟರಲ್ಲಿ ಹನ್ನೆರಡು ಕುರಿ ಆಚೆ ಹೋಗಿದ್ದವು. ಹದಿನಾಲ್ಕಕ್ಕೆ ಮಡಿವಾಳೆಪ್ಪನಿಗೆ ಕೆಮ್ಮು ಹತ್ತಿತು, ಉಳಿದವರಿಗೆ ನಗು. "ಆಗಂಗಿಲ್ಲಪಾ, ಆಗಂಗಿಲ್ಲ. ಮೈಲಾರವ್ವ ಹೇಳೂದು ಖರೇ ಐತಿ" ಅಂತ ಆತನೇ ಒಪ್ಪಿಕೊಂಡ.

ಮಾಬುಸಾಬ ಗೊಣಗುತ್ತ ರೀಲು ಹಿಂದಕ್ಕೆ ಸುತ್ತಿ, ಮಷೀನಿನ ಬಾಜೂಕ ಇದ್ದ ಗುಂಡಿಯೊಂದನ್ನು ತಿರುವಿದ. ಕರಕರ ಅನ್ನುತ್ತಿದ್ದ ಸಪ್ಪಳ ಟಕಟಕ ಆಯಿತು.

ಚಿತ್ರ ಮಿಣುಕುತ್ತಿತ್ತು, ಎಣ್ಣೆ ತೀರುವ ಚಿಮಣಿಯ ಹಾಗೆ. ಆದರೆ ಮಳೆ ಈಗ ಮಳೆಯಂತೆ ಬೀಳುತ್ತಿತ್ತು. ಕುರಿ ಕುರಿಯಂತೆ ಬರುತ್ತಿದ್ದವು. ಎತ್ತರದ ಆ ಮನುಷ್ಯ ಅವಸರವಿಲ್ಲದೆ ಬಂದು ಹಟ್ಟಿಯ ಬಾಯಲ್ಲಿ ನಿಂತ. ಯಾರೂ ನಗಲಿಲ್ಲ. ಎಷ್ಟು ಗಂಭೀರ ಮನುಷ್ಯ ಅನ್ನಿಸುವಂತೆ ನಿಂತಿದ್ದ. ಲಕ್ಷ್ಮವ್ವ ಬಾಯಿ ತೆರೆದು ನೋಡುತ್ತಿತ್ತು, ಅದರ ಕೈ ತಾನಾಗಿ ಅವ್ವನ ಕೈಗೆ ಬಂತು.

"ಲಾಭ," ಅಂದ ಮಡಿವಾಳೆಪ್ಪ, ದೇವರ ಮುಂದೆ ಅಂದಂತೆ. ಖೋಲಿಯೆಲ್ಲ ಕೂಡಿಕೊಂಡಿತು. ಎರಡು, ಮೂರು, ನಾಲ್ಕು. ಒಂದು ಕುರಿಗೆ ಒಂದು ಮಾತು, ಸರಿಯಾಗಿ ಕೂಡುತ್ತಿತ್ತು. ಮೈಲಾರವ್ವನಿಗೆ ಗೆದ್ದ ಸಂತೋಷ, ಕಣ್ಣಲ್ಲಿ ನೀರು. ಹದಿನೇಳು, ಹದಿನೆಂಟು. ಈಗ ಕೈ ಏಳುತ್ತದೆ, ಹರಳು ಮಡಿಲಿಗೆ ಬೀಳುತ್ತದೆ. ಆ ಕೈಯನ್ನು ಅವಳು ಕನಸಿನಲ್ಲಿ ಕಂಡಿದ್ದಾಳೆ. ಹತ್ತೊಂಬತ್ತು. ಇಪ್ಪತ್ತು.

ಕೈ ಏಳಲಿಲ್ಲ.

ಮರೆತನೇನೋ ಅಂದುಕೊಂಡಳು. ಮಂದಿ ಎಣಿಸುತ್ತಲೇ ಇದ್ದರು. ಇಪ್ಪತ್ತೊಂದು, ಇಪ್ಪತ್ತೆರಡು. ಇಪ್ಪತ್ಮೂರು. ಇಪ್ಪತ್ನಾಲ್ಕು, ಇಪ್ಪತ್ತೈದು ಅಂದ ಕೂಡಲೇ ಚಿತ್ರದೊಳಗಿನ ಕೈ ನಿಧಾನವಾಗಿ ಎದ್ದಿತು, ಒಂದು ಹರಳನ್ನು ಮಡಿಲಿಗೆ ಹಾಕಿತು.

ಮೈಲಾರವ್ವ ಮೆಲ್ಲಗೆ ಗೋಡೆಯ ಕಡೆ ಹೊರಳಿದಳು. ಮಿಣಿಮಿಣಿ ಬೆಳಕಿನಲ್ಲಿ ತಿರಕಪ್ಪ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ನೆಲ ನೋಡುತ್ತಿದ್ದ. ಅಣ್ಣತಮ್ಮಂದಿರದು ಒಂದೇ ಎತ್ತರ, ಒಂದೇ ಮೂಗು, ಒಂದೇ ಕಂಬಳಿ. ಸರಕಾರದವರು ಇಬ್ಬರದೂ ಹಿಡಿದು, ಒಬ್ಬನನ್ನು ಉಳಿಸಿಕೊಂಡು, ಇನ್ನೊಬ್ಬನ ಹೆಸರು ಬರೆದಿದ್ದರು. ಇದಕ್ಕೇ ಅವನು ಈ ರೀಲು ಬೇಡ ಅಂದದ್ದು.

ಕೂಗಬೇಕು ಅನ್ನಿಸಿತು ಅವಳಿಗೆ. ನಿಂದರಸ್ರಿ, ಇದೂ ಮೋಸ, ಇಂವ ಅವನಲ್ಲ. ಜಲ್ಮದಲ್ಲಿ ಅವಳು ಮೋಸ ಕಂಡು ಸುಮ್ಮನಿದ್ದವಳಲ್ಲ. ಬಾಯಿ ತೆರೆದಳು ಕೂಡ.

"ಅವ್ವಾ," ಅಂದಿತು ಲಕ್ಷ್ಮವ್ವ, ಧೋತರದಿಂದ ಕಣ್ಣು ತೆಗೆಯದೆ. "ಎಷ್ಟು ಚಂದ ಎಣಸ್ತಾನ. ಅಪ್ಪನಽ ಹೌದಲ್ಲ?"

ಮೈಲಾರವ್ವ ಮಗಳ ತಲೆ ಸವರಿದಳು.

"ಹೂಂನವ್ವ," ಅಂದಳು. "ನಿಮ್ಮಪ್ಪನಽ."

ಆಟ ಮುಗಿದು ಮಂದಿ ಕಂಬಳಿ ಬಿಚ್ಚಿಕೊಳ್ಳುವಾಗ ತಿರಕಪ್ಪ ಹತ್ತಿರ ಬಂದು ನಿಂತ. "ತಂಗೀ, ನಾ ಮೊದಲಽ..." ಅಂದ.

"ಗೊತ್ತಾತು ಭಾವ," ಅಂದಳು ಅವಳು ಲಗುಬಗೆಯಿಂದ. "ಹುಡುಗಿ ಮುಂದ ಏನೂ ಅನಬ್ಯಾಡ." ಅಷ್ಟು ಹೇಳಿ ಮಗಳ ಕೈ ಹಿಡಿದು ಹೊರಟಳು.

ಸಂಜೆ ಮೇದು ಬಂದ ಕುರಿಗಳು ಹಟ್ಟಿ ಹೊಗುತ್ತಿದ್ದವು. ಮೈಲಾರವ್ವ ಎಂದಿನಂತೆ ಬಾಯಲ್ಲಿ ನಿಂತು ಎಣಿಸಿದಳು. ಇಪ್ಪತ್ತು ತುಂಬಿತು, ಹರಳು ಮಡಿಲಿಗೆ ಹಾಕಿದಳು.

"ತಪ್ಪಿದಿ ಅವ್ವಾ!" ಅಂತ ಲಕ್ಷ್ಮವ್ವ ಓಡಿ ಬಂತು. ಅದರ ಲಂಗದ ಮಡಿಲ ತುಂಬ ಸಾಲಿಯ ಅಂಗಳದ ಹರಳು. "ಅಪ್ಪ ಇಪ್ಪತ್ತೈದಕ್ಕ ಹಾಕಿದ್ದ. ನಾ ನೋಡೀನಿ. ನಿನಗ ಮರತೈತಿ."

ಮೈಲಾರವ್ವ ಮಡಿಲೊಳಗಿನ ಹರಳನ್ನು ಬೆರಳಲ್ಲಿ ಒಂದು ಗಳಿಗೆ ಹಿಡಿದುಕೊಂಡಳು. ಗಂಡ ಕಲಿಸಿದ್ದು ಅದೊಂದೇ ಅವಳ ಹತ್ತಿರ ಉಳಿದಿತ್ತು. ಆಮೇಲೆ ಅದನ್ನು ತೆಗೆದು ಬೇಲಿಯ ಆಚೆ ಒಗೆದಳು.

"ಹೌದವ್ವ, ಮರತಿದ್ದೆ," ಅಂದಳು. "ಕುರಿ ಹೊರಗ ಹೊಡಿ. ಮೊದಲಿಂದ ಎಣಸೂಣು."

ಲಕ್ಷ್ಮವ್ವ ಹಟ್ಟಿಯ ಬಾಯಲ್ಲಿ ಆ ಎತ್ತರದ ಮನುಷ್ಯ ನಿಂತ ಹಾಗೆಯೇ ನಿಂತು, "ಲಾಭ" ಅಂದಿತು.