ಹಾಗರಳ ಅಧ್ಯಾಯವನ್ನು ಅರ್ಧಕ್ಕೆ ನಿಲ್ಲಿಸಿದವರು

ಅಬ್ರಹಾಮನ ಮಾತು ಬಂದರೆ ಜ್ಞಾನಮಿತ್ರ ಮೇಷ್ಟ್ರು ದನಿ ತಗ್ಗಿಸುತ್ತಾರೆ. ಪ್ರವಾದಿಗಳ ಬಗ್ಗೆ ಹೇಳುವಾಗ ಅವರ ಕಂಠ ಹೈಸ್ಕೂಲಿನ ಕೊನೆಯ ಬೆಂಚಿಗೂ ಕೇಳುವಷ್ಟು ಏರುವುದುಂಟು. ಆದರೆ ಅಬ್ರಹಾಮ, ಇಸಾಕ, ಯಾಕೋಬ ಎಂಬ ಮೂಲಪಿತೃಗಳ ವಿಷಯಕ್ಕೆ ಬಂದೊಡನೆ ಕುರ್ಚಿಯನ್ನು ಗೇಣುದ್ದ ಮುಂದಕ್ಕೆಳೆದುಕೊಂಡು, ಬೀದಿ ಬಾಗಿಲತ್ತ ಒಮ್ಮೆ ನೋಡಿ, ನೆಂಟರ ಮನೆಯೊಳಗಿನ ಸಂಗತಿ ಹೇಳುವವರಂತೆ ಮೆಲ್ಲಗೆ ಶುರುಮಾಡುತ್ತಾರೆ. “ಕಟ್ಕೊಂಡ ಹೆಂಡ್ತೀನ ತಂಗಿ ಅಂದ್ಬುಟ್ಟ ಕಣಯ್ಯ. ಯಾಕೆ? ಜೀವಭಯ. ಇಂಥೋನ್ನ ದೇವರು ಆರಿಸ್ಕೊಂಡ!” ಎಂದು ಅಚ್ಚರಿಯಿಂದ ತಲೆಯಾಡಿಸುತ್ತಾರೆ, ಆ ಸುದ್ದಿ ಈಗಷ್ಟೇ ಕಿವಿಗೆ ಬಿದ್ದಿತೇನೋ ಎಂಬಂತೆ.

ಅವರು ದೀಕ್ಷೆ ಪಡೆದ ಪಾದ್ರಿಗಳಲ್ಲ. ಗುಬ್ಬಿಯ ಹೈಸ್ಕೂಲೊಂದರಲ್ಲಿ ಕನ್ನಡ ಪಾಠ ಹೇಳಿ ನಿವೃತ್ತರಾದವರು. ಪಾದ್ರಿಗಳು ಬರಲಾಗದ ಭಾನುವಾರಗಳಲ್ಲಿ ಪ್ರಸಂಗ ಮಾಡುವುದು, ತಿಂಗಳಿಗೊಮ್ಮೆ ತಮ್ಮ ಮನೆಯಲ್ಲಿ ಪ್ರಾರ್ಥನೆ ಸೇರಿಸುವುದು, ಕರೆದರೆ ಕುಣಿಗಲ್‌ವರೆಗೂ ಹೋಗಿ ಬೈಬಲ್ ಪಾಠ ಹೇಳುವುದು ಅವರ ಕೆಲಸ. ಏಪ್ರಿಲ್ ಬಿಸಿಲಿನಲ್ಲೂ ಕಂದು ಬಣ್ಣದ ಕೋಟನ್ನು ಬಿಡುವುದಿಲ್ಲ. ಅದರ ಬಲ ಜೇಬು ಸತ್ಯವೇದವೆಂಬ ಕನ್ನಡ ಬೈಬಲಿನ ಭಾರಕ್ಕೆ ಜೋತುಬಿದ್ದು, ನಡೆಯುವಾಗ ಮೇಷ್ಟ್ರೇ ಒಂದು ಕಡೆ ವಾಲಿದಂತೆ ಕಾಣುತ್ತಾರೆ. ನಡೆಯುವುದೂ ಯೋಚಿಸುವುದೂ ಒಟ್ಟಿಗೆ ಅವರಿಗೆ ಬಾರದು. ವಾದದ ಎಳೆಯೊಂದು ಸಿಕ್ಕಿತೆಂದರೆ ರಸ್ತೆಯ ನಡುವೆಯೇ ನಿಲ್ಲುತ್ತಾರೆ. ಹಾಗೆ ನಿಂತು ಕಣ್ಣೆದುರೇ ಬಸ್ಸು ತಪ್ಪಿಸಿಕೊಂಡದ್ದನ್ನು ಜೊತೆಗಿದ್ದ ನಾನೇ ಅನುಭವಿಸಿದ್ದೇನೆ. ನಾನು ರಸಾಯನಶಾಸ್ತ್ರ ಓದಿ ಹಿರೇಹಳ್ಳಿಯ ಕಾರ್ಖಾನೆಯೊಂದರ ಪ್ರಯೋಗಶಾಲೆಯಲ್ಲಿ ಕೆಲಸ ಮಾಡುವವನು. ಅವರ ಪಾಠ ನನಗೆ ಹಿಡಿಸಿದ್ದು ಅದರ ಶಿಸ್ತಿಗಾಗಿ. ಯಾರಾದರೂ ಬೈಬಲಿನ ಒಂಟಿ ವಚನವನ್ನು ಎತ್ತಿ ತೋರಿಸಿದರೆ ಮೇಷ್ಟ್ರು ಕೈಯೆತ್ತಿ ತಡೆಯುತ್ತಾರೆ: “ಹಂಗಲ್ಲ. ಮುಂದಿನ ವಚನ ಓದು.”

ದೇವರು ಅಬ್ರಹಾಮನೊಂದಿಗೆ ಮಾಡಿಕೊಂಡ ಒಡಂಬಡಿಕೆಯ ಬಗ್ಗೆ ಅವರಷ್ಟು ತಿಳಿಯಾಗಿ ಹೇಳಿದವರನ್ನು ನಾನು ಕಂಡಿಲ್ಲ. ಆ ಕಾಲದಲ್ಲಿ ಒಪ್ಪಂದ ಮಾಡಿಕೊಳ್ಳುವ ಇಬ್ಬರೂ ಸೀಳಿದ ಪಶುಗಳ ನಡುವೆ ನಡೆದುಹೋಗಬೇಕಿತ್ತಂತೆ. ಆದರೆ ಅಬ್ರಹಾಮನಿಗೆ ಗಾಢ ನಿದ್ರೆ ಬಂತು. ಹೊಗೆಯಾಗಿ, ಬೆಂಕಿಯಾಗಿ ದೇವರೊಬ್ಬನೇ ಹಾದುಹೋದ. “ಸಬ್‌ರಿಜಿಸ್ಟ್ರಾರ್ ಆಫೀಸ್ನಲ್ಲಿ ಇಬ್ರೂ ಸೈನ್ ಹಾಕ್ಬೇಕು. ಇಲ್ಲಿ ಒಬ್ನೇ ಹಾಕ್ದ, ಇನ್ನೊಬ್ಬ ಗೊರಕೆ ಹೊಡೀತಿದ್ದ. ನಮ್ಮ ಯೋಗ್ಯತೆ ಮೇಲೆ ನಿಂತಿದ್ರೆ ಯಾವತ್ತೋ ರದ್ದಾಗೋದು!” ಎಂದು ನಗಿಸುತ್ತಿದ್ದರು.

ಈ ನಗುವನ್ನು ಅಡುಗೆಮನೆಯಿಂದ ಕೇಳಿ ತಾವೂ ನಗುತ್ತಿದ್ದವರು ಖುರ್ಷಿದಾ ಬೇಗಂ. ಮೇಷ್ಟ್ರ ಮನೆಗೆ ಅಂಟಿಕೊಂಡ ಎರಡು ಕೋಣೆಗಳಲ್ಲಿ ಆಕೆಯ ವಾಸ, ಹೊಲಿಗೆ ಕೆಲಸ. ಗಂಡ ತೀರಿಕೊಂಡ ವರ್ಷ ಕುಣಿಗಲ್‌ನ ಮನೆಯಿಂದ ಮೈದುನಂದಿರು ಆಕೆಯನ್ನೂ ಎಳೆಯ ಮಗನನ್ನೂ ಹೊರಗೆ ಹಾಕಿದ್ದರು. ಆ ಕೋಣೆಗಳನ್ನು ಹುಡುಕಿ ಕೊಡಿಸಿದವರು ಮೇಷ್ಟ್ರೇ. ಅವರ ಹೆಂಡತಿ ಸುಶೀಲಮಣಿಯವರಿಗೆ ಮಂಡಿನೋವು. ಪ್ರಾರ್ಥನೆಯ ದಿನ ಶುಂಠಿ ಟೀ ಮಾಡುವುದು ಖುರ್ಷಿದಾ. ಮಾಡಿ, ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಕಥೆ ಕೇಳುತ್ತಿದ್ದರು. “ನಮ್ ಇಬ್ರಾಹಿಂ ಪೈಗಂಬರ್ ವಿಷ್ಯ ಅಲ್ವಾ ಅಕ್ಕ, ನಿಮ್ ಮನೆಯೋರು ಚೆನ್ನಾಗಿ ಹೇಳ್ತಾರೆ” ಎಂದು ಸುಶೀಲಮಣಿಯವರ ಬಳಿ ಮೆಚ್ಚಿ ಹೇಳಿದ್ದರು. ಮುಸ್ಲಿಮರಿಗೆ ಅಬ್ರಹಾಮನೇ ಇಬ್ರಾಹಿಂ; ಅವನ ಹಿರಿಯ ಮಗ ಇಷ್ಮಾಯೇಲ ಅವರ ಮೂಲಪುರುಷ.

ಕಳೆದ ವರ್ಷದ ಒಂದು ಪ್ರಾರ್ಥನೆಗೆ ರವೀಶ್ ಬಂದಿದ್ದ. ತುಮಕೂರಿನ ಹುಡುಗ, ದೇವಶಾಸ್ತ್ರ ಓದಿ ಆಗಷ್ಟೇ ಮುಗಿಸಿದ್ದ. ಮಾತಿನಲ್ಲಿ ಹೊಸ ಚಾಕುವಿನ ಹೊಳಪು. “ತಪ್ಪು ತಿಳೀಬೇಡಿ ಅಂಕಲ್, ನಮ್ಮ ಹಿರಿಯರು ಎಲ್ಲಾರ್ನೂ ಒಡಂಬಡಿಕೆ ಒಳಗೆ ಸೇರಿಸ್ಕೊಂಡ್ ಬುಡ್ತಾರೆ. ಸ್ಟ್ರಾಂಗಾಗಿ ಹೇಳೋರೇ ಇಲ್ಲ” ಎಂದ. ಒಂದಿಬ್ಬರು ಮುಗುಳ್ನಕ್ಕರು. ಮೇಷ್ಟ್ರ ಕಿವಿ ಕೆಂಪಾಯಿತು. ಎಂದೂ ಕೂತೇ ಮಾತಾಡುವವರು ಎದ್ದು ನಿಂತು, ಹಾಗರಳ ಅಧ್ಯಾಯ ತೆಗೆದು, ದಾಸಿ ಹಾಗರಳನ್ನೂ ಅವಳಲ್ಲಿ ಅಬ್ರಹಾಮನಿಗೆ ಹುಟ್ಟಿದ ಇಷ್ಮಾಯೇಲನನ್ನೂ ಹೊರಗೆ ಕಳಿಸೆಂದು ಅವನ ಹೆಂಡತಿ, ಇಸಾಕನ ತಾಯಿ ಸಾರಾ ಹಟ ಹಿಡಿದದ್ದನ್ನೂ, ದೇವರು ಅದಕ್ಕೆ ಒಪ್ಪಿದ್ದನ್ನೂ ಗಟ್ಟಿಯಾಗಿ ಓದಿದರು. “ಒಡಂಬಡಿಕೆಯ ಮನೆಯಲ್ಲಿ ಅವರಿಗೆ ಜಾಗ ಇರಲಿಲ್ಲ” ಎಂದು ಪುಸ್ತಕ ಮುಚ್ಚಿದರು. “ಆಮೆನ್, ಅಂಕಲ್!” ಎಂದ ರವೀಶ್. ನಾವೂ ಆಮೆನ್ ಎಂದೆವು.

ಅಡುಗೆಮನೆಯಲ್ಲಿ ಲೋಟಗಳ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಖುರ್ಷಿದಾ ತಟ್ಟೆ ಹಿಡಿದು ಬಂದು ಎಲ್ಲರಿಗೂ ಟೀ ಕೊಟ್ಟು, ಕೊನೆಗೆ ಮೇಷ್ಟ್ರ ಮುಂದೆ ನಿಂತರು. “ಸಕ್ಕರೆ ಸಾಕಾ ನೋಡಿ ಮೇಷ್ಟ್ರೇ” ಎಂದು, ಹಿತ್ತಿಲ ಬಾಗಿಲಿನಿಂದ ಹೊರಟುಹೋದರು. ಮತ್ತೆ ಆ ಮನೆಯೊಳಗೆ ಬರಲಿಲ್ಲ.

ಸುಶೀಲಮಣಿಯವರು ಜಗಳವಾಡುವವರಲ್ಲ. ಎಲ್ಲರೂ ಎದ್ದ ಮೇಲೆ ಗಂಡನನ್ನು ಕೇಳಿದ್ದು ಒಂದೇ ಮಾತು: “ನಿಮ್ಮ ಒಡಂಬಡಿಕೆ ಅಡುಗೆಮನೆ ತನ್ಕ ಬರೋಲ್ವಾ?”

ಪ್ರಯೋಗಶಾಲೆಯಲ್ಲಿ ದ್ರಾವಣದ ಬಣ್ಣ ತಿರುಗಿಸುವ ಒಂದು ಹನಿಗಾಗಿ ಕಾಯುವುದು ನನ್ನ ವೃತ್ತಿ. ಮೇಷ್ಟ್ರು ಬದಲಾದದ್ದು ನನಗೆ ಕಾಣದೆ ಹೋಗಲಿಲ್ಲ. ಪೇಟೆಗೆ ಹೋಗಲು ಖುರ್ಷಿದಾರ ಕಿಟಕಿಯ ಮುಂದಿನ ದಾರಿ ಬಿಟ್ಟು, ಕೆರೆಯ ಕಡೆಯಿಂದ ಸುತ್ತಿ ಹೋಗತೊಡಗಿದರು. ಮುಂದಿನೆರಡು ತಿಂಗಳು ಮನೆಯ ಪ್ರಾರ್ಥನೆ ನಡೆಯಲಿಲ್ಲ. ಕುಣಿಗಲ್‌ನ ಪಾಠಕ್ಕೆಂದು ತುಮಕೂರಿನಲ್ಲಿ ಬಸ್ಸು ಬದಲಾಯಿಸಿ ಕೂತಾಗ, ನಾನು ಸಮಾಧಾನಕ್ಕೆಂದು “ಆಯಮ್ಮ ಅಡುಗೆಮನೇಲಿ ಅವ್ರೆ ಅನ್ನೋದು ನಿಮಗೆ ಮರೆತು ಹೋಗಿರ್ಬೇಕು ಮೇಷ್ಟ್ರೇ” ಎಂದೆ.

ಅವರು ಕಿಟಕಿಯತ್ತ ಮುಖ ತಿರುಗಿಸಿದರು. “ಮರ್ತಿದ್ರೆ ವಾಸಿಯಾಗಿತ್ತು ಕಣಯ್ಯ. ಶುಂಠಿ ಜಜ್ಜೋ ಸದ್ದು ಕೇಳಿಸ್ತಿತ್ತು. ಮುಂದಿನ ವಚನಗಳೂ ಬಾಯಲ್ಲೇ ಇದ್ವು. ಮರಳುಗಾಡಲ್ಲಿ ಆ ಮಗು ಅತ್ತಿದ್ದು, ದೇವರು ಕೇಳಿಸ್ಕೊಂಡಿದ್ದು, ನೀರಿನ ಬಾವಿ ತೋರ್ಸಿದ್ದು. ಆ ಹುಡ್ಗ ಆಮೆನ್ ಅನ್ಲಿ ಅಂತ ನಿಲ್ಲಿಸ್ಬುಟ್ಟೆ.” ಅಂದು ಕುಣಿಗಲ್‌ನಲ್ಲಿ ಯಾಕೋಬನ ಪಾಠ ಹೇಳಬೇಕಿದ್ದವರು, ಮೈ ಸರಿಯಿಲ್ಲವೆಂದು ಪ್ರಾರ್ಥನೆ ಮಾಡಿಯಷ್ಟೇ ಎದ್ದರು.

ಆ ವಾರವೇ ಅವರು ಖುರ್ಷಿದಾರ ಬಾಗಿಲಿಗೆ ಹೋದರು. ಒಬ್ಬರೇ ಹೋಗಲು ಧೈರ್ಯ ಸಾಲದೆ ನನ್ನನ್ನೂ ಕರೆದೊಯ್ದರು. ಆಕೆ ಹೊಲಿಗೆ ಯಂತ್ರ ನಿಲ್ಲಿಸಿ, ಸೆರಗು ಸರಿಮಾಡಿಕೊಂಡು ಎದ್ದರು.

“ಕೂತ್ಕೊಳಿ ಮೇಷ್ಟ್ರೇ.”

“ಇಲ್ಲ ಕಣಮ್ಮ, ನಿಂತೇ ಹೇಳ್ತೀನಿ. ಅವತ್ತು ನಾನಾಡಿದ್ದು...”

“ನಿಮ್ ಕಿತಾಬಲ್ಲಿ ಇಲ್ದಿದ್ದಾ ಅದು?”

“ಇರೋದೇ. ಅರ್ಧಕ್ಕೆ ನಿಲ್ಸಿದ್ದು ನಾನು.”

ಆಕೆ ಬಟ್ಟೆಯ ಚೂರುಗಳನ್ನು ಕಾಲಿನಿಂದ ಒತ್ತಟ್ಟಿಗೆ ಸರಿಸಿದರು. “ನನ್ ಮೈದುನಂದ್ರು ದೇವ್ರ ಹೆಸರು ಹೇಳ್ಲಿಲ್ಲ ಮೇಷ್ಟ್ರೇ. ಜಾಗ ಇಲ್ಲ, ಹೋಗು ಅಂದ್ರು, ಅಷ್ಟೇ. ನೀವು ದೇವ್ರನ್ನೂ ಜೊತೆಗೆ ಸೇರಿಸ್ಬುಟ್ರಿ.” ಮೇಷ್ಟ್ರು ಕೋಟಿನ ಗುಂಡಿಯನ್ನು ಹಿಡಿದು ನಿಂತಿದ್ದರು. ಆಕೆಯೇ ಮುಂದುವರಿಸಿದರು: “ತಪ್ಪಾಯ್ತು ಅಂತ ನನ್ ಬಾಗ್ಲಲ್ಲಿ ಯಾಕೆ ಹೇಳ್ತೀರ? ಅವತ್ತು ಆಮೆನ್ ಅಂದೋರ ಮುಂದೆ ಹೇಳಿ.”

ಹಾಗಾಗಿ ಪ್ರಾರ್ಥನೆ ಮತ್ತೆ ಸೇರಿತು. ರವೀಶನಿಗೆ ಮೇಷ್ಟ್ರೇ ಫೋನ್ ಮಾಡಿ ಕರೆಸಿದ್ದರು. ಅದೇ ಅಧ್ಯಾಯವನ್ನು ಕೊನೆಯವರೆಗೆ ಓದಿದರು. ಒಡಂಬಡಿಕೆಯ ಗುರುತಾದ ಸುನ್ನತಿಯು ಇಸಾಕ ಹುಟ್ಟುವ ಮೊದಲೇ, ಅಬ್ರಹಾಮನಿಗಾದ ದಿನವೇ ಇಷ್ಮಾಯೇಲನಿಗೂ ಆಗಿತ್ತೆಂದು ತೋರಿಸಿದರು. ಮುದುಕ ಅಬ್ರಹಾಮ ಸತ್ತಾಗ ಇಸಾಕ, ಇಷ್ಮಾಯೇಲ ಇಬ್ಬರೂ ಸೇರಿ ಮಣ್ಣು ಮಾಡಿದ ವಚನವನ್ನೂ ಓದಿದರು. ಆಮೇಲೆ, ಹೋದ ಸಲ ತಾವು ಓದುವುದನ್ನು ನಿಲ್ಲಿಸಿದ್ದು ವಯಸ್ಸಿನಲ್ಲಿ ಚಿಕ್ಕವನೊಬ್ಬನ ಮೆಚ್ಚುಗೆಗಾಗಿ ಎಂದೂ, ಮನೆಯೊಳಗಿದ್ದ ಒಬ್ಬ ತಾಯಿಗೆ ಅದರಿಂದ ಅವಮಾನವಾಯಿತೆಂದೂ ನೇರವಾಗಿ ಹೇಳಿದರು.

ರವೀಶ್ ತಲೆತಗ್ಗಿಸಿದ್ದರೂ ಬಿಡಲಿಲ್ಲ. “ಸಾರಿ ಅಂಕಲ್. ಆದ್ರೂ ಒಡಂಬಡಿಕೆ ಇಸಾಕನ ಜೊತೆಗೇ ಅಂತ ಸ್ಪಷ್ಟವಾಗಿ ಐತಲ್ವಾ?”

“ಐತೆ. ಅದನ್ನ ಅಳಿಸೋಕೆ ನಾನ್ಯಾರು? ಆರಿಸ್ಕೊಂಡಿದ್ದು ಇಸಾಕನ್ನ. ಅತ್ತಾಗ ಕೇಳಿಸ್ಕೊಂಡಿದ್ದು ಇಷ್ಮಾಯೇಲನ್ನ. ಎರಡೂ ಒಬ್ಬನೇ ದೇವರು ಮಾಡಿದ್ದು ಕಣಪ್ಪ. ಒಂದನ್ನ ಹೇಳಿ ಇನ್ನೊಂದನ್ನ ನುಂಗಿದ್ರೆ, ಅದು ದೇವರ ಮಾತಲ್ಲ, ನನ್ನ ಮಾತು.”

ಆಮೆನ್ ಎನ್ನಲು ಯಾರಿಗೂ ಬಾಯಿ ಬರಲಿಲ್ಲ. ಸುಶೀಲಮಣಿಯವರು ಕುಂಟುತ್ತಾ ತಂದ ಟೀ ಸಪ್ಪೆಯಾಗಿತ್ತು. ಎಲ್ಲರೂ ಪೂರ್ತಿ ಕುಡಿದೆವು.

ಖುರ್ಷಿದಾ ಅಂದು ಬಂದಿರಲಿಲ್ಲ. ಕೆಲವು ದಿನಗಳ ಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಮೇಷ್ಟ್ರಿಗೆ ಎದುರಾದಾಗ ತಾವೇ ನಿಂತು, “ನಡುವಿನ ಗೋಡೆ ತೆಳ್ಳಗೈತೆ ಮೇಷ್ಟ್ರೇ. ಕೇಳಿಸ್ತು” ಎಂದರಂತೆ. ಸುಶೀಲಮಣಿಯವರ ಮಂಡಿಗೆ ಎಣ್ಣೆ ತಿಕ್ಕಲು ಈಗ ಹಿತ್ತಿಲಿಗೆ ಬರುತ್ತಾರೆ. ಪ್ರಾರ್ಥನೆಯ ದಿನ ಬರುವುದಿಲ್ಲ. “ಕೇಳಿಸ್ತು ಅಂದ್ಲು. ಪರವಾಗಿಲ್ಲ ಅನ್ಲಿಲ್ಲ. ನಾನೂ ಕೇಳ್ಲಿಲ್ಲ” ಎಂದು ಮೇಷ್ಟ್ರು ನನಗೆ ಹೇಳಿದರು.

ಧರ್ಮಗ್ರಂಥಕ್ಕೆ ಅರ್ಥ ಹೇಳುವವರು ಪ್ರತಿಯೊಂದು ಊರಿನಲ್ಲೂ, ಪ್ರತಿಯೊಂದು ಮತದಲ್ಲೂ ಇದ್ದಾರೆ. ಅವರ ಪಾಂಡಿತ್ಯವನ್ನು ಅಳೆಯುವಷ್ಟು ಓದು ನನಗಿಲ್ಲ. ಆದರೆ ಇಷ್ಟನ್ನು ಗಮನಿಸಿದ್ದೇನೆ: ದೇವರ ಪರವಾಗಿ ಮಾತಾಡುವವನಿಗೆ ತನ್ನ ಮಾತು ಯಾರ ಮೈಮೇಲೆ ಬಿತ್ತೆಂದು ತಿರುಗಿ ನೋಡುವ ಅಗತ್ಯವೇ ಕಾಣುವುದಿಲ್ಲ, ಏಕೆಂದರೆ ಅದು ತನ್ನದಲ್ಲವೆಂದು ಅವನು ನಂಬಿರುತ್ತಾನೆ. ತಿರುಗಿ ನೋಡಿದ ಅಪರೂಪದವರು ಆಮೇಲೆ ಮೊದಲಿನಷ್ಟು ಚೆನ್ನಾಗಿ ಮಾತಾಡಲಾರರು. ತಡವರಿಸುತ್ತಾರೆ, ನಡುವೆ ನಿಲ್ಲುತ್ತಾರೆ, ಕೇಳುವವರ ಮುಖಗಳನ್ನು ಒಂದೊಂದಾಗಿ ಹುಡುಕುತ್ತಾರೆ. ಅಂಥವರ ಪ್ರಸಂಗ ಸೊರಗುತ್ತದೆ. ಆದರೂ ಮನೆಯಿಂದ ಹೊರಹಾಕಿಸಿಕೊಂಡವರು ಯಾರ ಬಾಯಿಂದಲಾದರೂ ದೇವರ ವಿಷಯ ಕೇಳಬಲ್ಲರಾದರೆ, ಅದು ನಾಚಿಕೆ ಇನ್ನೂ ತೀರದ ಇಂಥವರ ಬಾಯಿಂದ ಮಾತ್ರ. ಅದೂ ಗೋಡೆಯ ಆಚೆಯಿಂದ.