ಮೆಲ್ಲಗೆ ತುಳಿದ ಪೈಲ್ವಾನ

ಕಬ್ಬಿಣದ ಬೀರು ಸಾಗಿಸುವ ಕಸುಬಿನಲ್ಲಿ ನನಗೆ ಸಮಾನರಿಲ್ಲ. ನಾನು ಬೀರು ಬೆನ್ನಿಗೇರಿಸಿ ನಿಂತರೆ ಮೆಟ್ಟಿಲುಗಳೇ ಬೆದರಿ ಒಂದು ಗೇಣು ಕೆಳಗಿಳಿಯುತ್ತವೆ. ಇಂಥ ನನ್ನನ್ನು ಅಕ್ಕ ತನ್ನ ಪ್ರಯೋಗಶಾಲೆಗೆ ಕರೆದದ್ದರಲ್ಲಿ ಆಶ್ಚರ್ಯವೇನು?

ನಿಂತಲ್ಲೇ ತುಳಿಯುವ ಸೈಕಲ್ಲಿನ ಮೇಲೆ ಕೂರಿಸಿ, ಕಾಲಿನ ತುಂಬ ತಂತಿ ಕಟ್ಟಿದ ಅಂಟುಬಿಲ್ಲೆ ಮೆತ್ತಿದಳು. ಸ್ನಾಯು ದುಡಿದಷ್ಟೂ ಪರದೆಯ ಮೇಲಿನ ಗೆರೆ ಕುಣಿಯುತ್ತದಂತೆ. ಸಂಜೆಗೆ ಯಂತ್ರ ಬೇರೆಯವರ ಪಾಲು. ಅಷ್ಟರೊಳಗೆ ನನ್ನ ಗೆರೆಗಳು ಸರಿಯಾಗಿ ಸಿಗದಿದ್ದರೆ ಅವಳ ವರ್ಷದ ದುಡಿಮೆ ನೀರುಪಾಲು.

"ಮೊದ್ಲು ಮೆಲ್ಲಗೆ ತುಳಿ. ಮೆಲ್ಲಗೆ ಅಂದ್ರೆ ಮೆಲ್ಲಗೆ!"

ಅದೇನು ಮಹಾ? ಹಲ್ಲು ಕಚ್ಚಿ, ಮೈಯೆಲ್ಲ ಬಿಗಿದು, ಮೆಲ್ಲಗೆ ತುಳಿದೆ. ಗೆರೆ ಹಾರಿ ಪರದೆಯ ನೆತ್ತಿಗೆ ಗುದ್ದಿತು. ಪಕ್ಕದ ಕೋಣೆಯ ದೀಪ ಮಂಕಾದದ್ದೂ ನನ್ನಿಂದಲೇ ಇರಬೇಕು.

"ಲೋ ಪೈಲ್ವಾನ, ಹಗುರ ಕೆಲ್ಸಕ್ಕೆ ಸ್ನಾಯುವಿನ ಕೆಲವು ಎಳೆ ಎದ್ರೆ ಸಾಕು. ಭಾರ ಹೆಚ್ಚಿದ ಹಾಗೆ ಉಳಿದವೂ ಎದ್ದು ಬರ್ತವೆ. ನೀನೋ, ಒಂದು ಲೋಟ ಎತ್ತೋಕೆ ಊರಿಗೆ ಊರನ್ನೇ ಎಬ್ಬಿಸ್ತಿದ್ದೀಯ!"

"ನನ್ನ ಎಳೆಗಳು ಮಲಗೋ ಪೈಕಿ ಅಲ್ಲ ಕಣೇ."

ಮತ್ತೆ ತುಳಿದೆ. ಮತ್ತೆ ನೆತ್ತಿ. ಗಡಿಯಾರ ನೋಡಿ ಅಕ್ಕನ ಮುಖ ಬಾಡಿತು. ಅದನ್ನು ಕಂಡು ಗಾಬರಿಯಾಗಿ ಇನ್ನಷ್ಟು ಬಿಗಿದೆ.

ಅಷ್ಟರಲ್ಲಿ ಭಾವ, ನಿದ್ದೆಹೋದ ಕೂಸನ್ನು ಹೆಗಲಿಗೆ ಹಾಕಿಕೊಂಡು ಅವಳನ್ನು ಕರೆದೊಯ್ಯಲು ಬಂದರು. ಅಕ್ಕನಿಗೆ ಏನು ಹೊಳೆಯಿತೋ, ಕೂಸನ್ನು ಎತ್ತಿ ನನ್ನೆದೆಗೆ ಒರಗಿಸಿದಳು.

"ಎಬ್ಬಿಸಿದ್ಯೋ, ಸಮಾಧಾನ ಮಾಡೋನೂ ನೀನೇ."

ಬೀರು ಬೇರೆ, ಅಕ್ಕನ ಮಗಳು ಬೇರೆ. ನನ್ನ ಉಸಿರೂ ತುದಿಗಾಲಲ್ಲಿ ನಡೆಯಿತು. ದವಡೆ ಸಡಿಲಾಯಿತು, ಭುಜ ಇಳಿಯಿತು, ಕಾಲು ತನ್ನಷ್ಟಕ್ಕೆ ತಿರುಗತೊಡಗಿತು. ಗೆರೆ ಇರುವೆ ಸಾಲಿನಂತೆ ಸಣ್ಣಗೆ ಹರಿಯಿತು. ಭಾವ ಸದ್ದಿಲ್ಲದೆ ಕೂಸನ್ನು ವಾಪಸು ಎತ್ತಿಕೊಂಡರು. ನನ್ನ ಕಾಲುಗಳಿಗೆ ಸುದ್ದಿಯೇ ಮುಟ್ಟಲಿಲ್ಲ.

"ಹಾಗೇ... ಹಾಗೇ..." ಎಂದು ಪಿಸುಗುಡುತ್ತ ಅಕ್ಕ ಗೆರೆಯನ್ನು ಹಿಡಿದಿಟ್ಟಳು. ಆಮೇಲೆ ತಿರುಗಣೆ ತಿರುಗಿಸಿ ಪೆಡಲು ಭಾರ ಮಾಡಿದಳು. ತೊಡೆಯ ಗೆರೆ ಎದ್ದಿತು. ಇನ್ನೂ ಭಾರ. ಜೀವಮಾನವೆಲ್ಲ ಬರೀ ಕೂರಲೆಂದು ಇದೆ ಎಂದುಕೊಂಡಿದ್ದ ಸ್ನಾಯುವೂ ಕೆಲಸಕ್ಕೆ ಹಾಜರಾಯಿತು.

"ಈಗ ಬಿಡೋ ನಿನ್ನ ಗೂಳೀನ!"

ಬಿಟ್ಟೆ. ನನ್ನ ಘರ್ಜನೆಗೆ ಕಿಟಕಿಗಳು ತಾವಾಗಿ ತೆರೆದುಕೊಂಡವು. ಗೆರೆಗಳೆಲ್ಲ ಒಟ್ಟಿಗೆ ಎದ್ದು ಕುಣಿದವು. ಕೂಸು ಎಚ್ಚರಗೊಂಡು, ಅಳುವುದು ಬಿಟ್ಟು ಕಿಲಕಿಲ ನಕ್ಕಿತು.

"ಸಿಕ್ತು ಕಣೋ, ಎಲ್ಲಾ ಸಿಕ್ತು!" ಅಕ್ಕ ನನ್ನ ಬೆವರಿದ ತಲೆಯನ್ನು ಮೊಟಕಿ, ಅಲ್ಲೇ ಅಪ್ಪಿಕೊಂಡಳು.

ಅಂದಿನಿಂದ ಕಂಡಕಂಡವರಿಗೆಲ್ಲ ಹೇಳುತ್ತಿದ್ದೇನೆ: ಮೆಲ್ಲಗೆ ತುಳಿಯುವುದರಲ್ಲಿ ನನ್ನಷ್ಟು ಬಲಶಾಲಿ ಮೂರು ಲೋಕದಲ್ಲಿ ಇನ್ನೊಬ್ಬನಿಲ್ಲ.