ಅಕ್ಕ ಹೊಲಿದ ಕೊನೆಯ ಅಂಗಿ

"ಇನ್ನೊಂಚೂರು ಎತ್ತು, ತೋಳು ತೂರಿಸ್ತೀನಿ," ಎಂದಳು ಚಿಕ್ಕಮ್ಮ.

ತಂಗಿ, ತೀರಿಹೋದ ಅಕ್ಕನ ಮಣಿಕಟ್ಟನ್ನು ಹಿಡಿದೆತ್ತಿದಳು. ಬೂದು ಬಣ್ಣದ ಮೇಲಂಗಿಯ ತುಂಬುತೋಳು ಮೊಣಕೈ ದಾಟಿ, ಮಣಿಕಟ್ಟನ್ನೂ ಮುಚ್ಚಿ ಅಂಗೈ ಮೇಲೆ ಜೋತುಬಿತ್ತು. ಅಷ್ಟು ಎತ್ತಿದ್ದಕ್ಕೇ ತಂಗಿಯ ಬೆರಳ ಗೆಣ್ಣುಗಳು ಚುಳ್ಳೆಂದವು. ಮುಖ ಕಿವುಚದಂತೆ ಹಲ್ಲು ಕಚ್ಚಿದಳು.

"ಉದ್ದ ಆಯ್ತಲ್ಲೇ. ಪಾಪ, ಮೈ ಎಷ್ಟು ಇಳಿದುಹೋಗಿದೆ ನೋಡು."

ಬಾಗಿಲಲ್ಲಿ ನಿಂತಿದ್ದ ಕಾಜಾದವಳು ಒಪ್ಪಲಿಲ್ಲ. ಅಕ್ಕನ ಹೊಲಿಗೆ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷ ಗುಂಡಿಗಳಿಗೆ ಕಾಜಾ ಹಾಕಿ ಹಾಕಿ ಅದೇ ಹೆಸರಾಗಿಬಿಟ್ಟಿತ್ತು ಅವಳಿಗೆ. ಅಂಗಡಿಯ ಕಪಾಟಿನಿಂದ ಈ ಅಂಗಿ ತಂದವಳೂ ಅವಳೇ.

"ಮೈ ಇಳಿದ್ರೆ ಕೈಯೂ ಗಿಡ್ಡ ಆಗುತ್ತಾ ಚಿಕ್ಕಮ್ಮ? ಅಕ್ಕ ಅಳತೆ ತಪ್ಪಿದ್ದು ನಾನು ಕಂಡೇ ಇಲ್ಲ."

"ಇದು ತನಗೆ ಅಂತ ಅವಳೇ ಹೇಳಿದ್ಲಾ?"

"ಹೇಳ್ಲಿಲ್ಲ. ಗಿರಾಕಿದಲ್ಲ, ಚೀಟಿ ಹಚ್ಚಬೇಡ ಅಂದ್ರು. ಗುಂಡಿ ದೊಡ್ಡವು ತಂದು ಕಾಜಾ ಸಡಿಲ ಮಾಡು, ಸೆಟೆದ ಬೆರಳಿಗೂ ಸುಲಭ ಆಗ್ಬೇಕು ಅಂದ್ರು. ಇನ್ಯಾರಿಗೆ, ಅವರಿಗೇ ಅಂದ್ಕೊಂಡೆ." ಅವಳು ಕಣ್ಣೊರೆಸಿಕೊಂಡಳು.

ವಾಹನ ಹನ್ನೊಂದಕ್ಕೆ ಬರುವುದಿತ್ತು. ಜಗುಲಿಯಲ್ಲಿ ಕೂತ ನೆಂಟರ ಮಾತು ಒಳಗೂ ಕೇಳಿಸುತ್ತಿತ್ತು. "ಲೂಪಸ್ ಅಂತೆ. ಕಿಡ್ನಿ ಎರಡೂ ತಿಂದುಹಾಕ್ತಂತೆ." "ಮನೆಯಲ್ಲಿ ಇನ್ಯಾರಿಗಾದ್ರೂ ಇದೆಯಾ?" "ಛೆ, ಬಿಡ್ತು ಅನ್ನಿ."

ತಂಗಿ, ಪೌಡರ್ ಬೆವರಿಗೆ ಇಳಿಯುತ್ತಿದೆಯೇನೋ ಎಂದು ಮುಖ ತಿರುಗಿಸಿದಳು. ಮೂಗಿನ ಎರಡೂ ಬದಿಗೆ ಕೆನ್ನೆಯ ಮೇಲೆ ಹರಡಿದ್ದ ಕೆಂಪನ್ನು ಅವಳು ಮೂರು ತಿಂಗಳಿಂದ ಯಾರಿಗೂ ತೋರಿಸಿರಲಿಲ್ಲ. ಮನೆಮನೆಗೆ ಹೋಗಿ ಕರೆಂಟ್ ಮೀಟರ್ ಓದುವ ಕೆಲಸ ಅವಳದು. ಬಿಸಿಲಿಗೆ ಹೀಗಾಗಿದೆ ಎಂದು ತನಗೆ ತಾನೇ ಹೇಳಿಕೊಂಡಿದ್ದಳು. ಬೆಳಿಗ್ಗೆ ಹಲ್ಲುಜ್ಜುವ ಬ್ರಷ್ಷನ್ನೂ ಹಿಡಿಯಲೊಲ್ಲದ ಬೆರಳುಗಳಿಗೆ ಮಾತ್ರ ಯಾವ ನೆಪವೂ ಸಿಕ್ಕಿರಲಿಲ್ಲ.

*

ಹನ್ನೊಂದು ವರ್ಷದ ಹಿಂದೆ ಡಾಕ್ಟರ ಮೇಜಿನೆದುರು ಅಕ್ಕನ ಪಕ್ಕದಲ್ಲಿ ಕೂತಿದ್ದವಳೂ ಇವಳೇ.

"ಬಿಳಿ ರಕ್ತಕಣಗಳಿರೋದು ರೋಗಾಣು ಬಂದ್ರೆ ಹೊಡೆಯೋಕೆ," ಎಂದಿದ್ದರು ಡಾಕ್ಟರು. "ನಿಮ್ಮಲ್ಲಿ ಅವು ನಿಮ್ಮದೇ ಜೀವಕೋಶದ ಚೂರುಗಳನ್ನ ಶತ್ರು ಅಂದ್ಕೊಂಡಿವೆ. ಅದರಲ್ಲೇ ಎರಡು ಜಾತಿ, ಟಿ ಕಣಗಳು ಬಿ ಕಣಗಳನ್ನ ಎಬ್ಬಿಸ್ತವೆ. ಬಿ ಕಣಗಳು ನಿಮ್ಮ ಮೈಗೇ ತಿರುಗಿಬೀಳೋ ಪ್ರತಿಕಾಯ ಮಾಡ್ತವೆ. ಅದು ಹೋಗಿ ಕಿಡ್ನಿಯಲ್ಲಿ ಕೂರುತ್ತೆ."

"ಒಂದು ಕಣ ಇನ್ನೊಂದಕ್ಕೆ ಹೇಗೆ ಹೇಳುತ್ತೆ ಡಾಕ್ಟ್ರೇ?" ಎಂದಿದ್ದಳು ಅಕ್ಕ.

"ಸೈಟೊಕೈನ್ ಅಂತ ಇವೆ, ಕಣಗಳು ಕಳಿಸೋ ಸಂದೇಶ. ಅದರಲ್ಲಿ ಇಂಟರ್‌ಫೆರಾನ್ ಅನ್ನೋದು, ವೈರಸ್ ಬಂತು ಎದ್ದೇಳಿ ಅಂತ ಕೂಗೋದು. ನಿಮ್ಮಲ್ಲಿ ವೈರಸ್ ಇಲ್ಲ, ಕೂಗು ಮಾತ್ರ ನಿಲ್ತಿಲ್ಲ."

"ನಮ್ಮ ಬೀದಿಯವರ ಥರಾನೇ ಅನ್ನಿ. ಕಳ್ಳ ಇಲ್ಲ, ಬೊಬ್ಬೆ ಜೋರು," ಎಂದು ಅಕ್ಕ ನಕ್ಕುಬಿಟ್ಟಿದ್ದಳು. ಆಮೇಲೆ ತಂಗಿಯತ್ತ ಕಣ್ಣು ಹಾಯಿಸಿ ದನಿ ತಗ್ಗಿಸಿದ್ದಳು. "ಇವಳಿಗೂ ಬರುತ್ತಾ?"

"ಬಂದೇ ಬರುತ್ತೆ ಅಂತೇನಿಲ್ಲ. ಬೇರೆಯವರಿಗಿಂತ ಸಾಧ್ಯತೆ ಸ್ವಲ್ಪ ಜಾಸ್ತಿ. ಶುರುವಲ್ಲೇ ಬಂದು ತೋರಿಸಿದ್ರೆ ಹತೋಟಿಗೆ ತರಬಹುದು. ನೀವು ತಡ ಮಾಡಿದ್ರಿ."

*

ಬಿಸಿಲು ಬಿದ್ದರೆ ಕೆನ್ನೆಯ ಕೆಂಪೂ ಗೆಣ್ಣಿನ ನೋವೂ ಏರುವುದೆಂದು ಅಂಗಡಿಯ ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿ ಕೂರುತ್ತಿದ್ದ ಅಕ್ಕನಿಗೆ ಒಂದು ರೂಢಿಯಿತ್ತು. ಬೆಳಿಗ್ಗೆ ಬಂದೊಡನೆ ಸೂಜಿಗೆ ದಾರ ಪೋಣಿಸುವಳು. ಪೋಣಿಸಲಾದರೆ ಕೆಲಸಕ್ಕೆ, ಆಗದಿದ್ದರೆ ಆಸ್ಪತ್ರೆಗೆ. ಹೋದ ತಿಂಗಳು ಆ ಸೂಜಿಯನ್ನು ತಂಗಿಯ ಕೈಗಿತ್ತಳು.

"ಪೋಣಿಸಿಕೊಡೇ."

ಮೂರು ಸಲ ದಾರ ಜಾರಿತು. ನಾಲ್ಕನೆಯ ಸಲಕ್ಕೆ ಸೂಜಿಯೇ ಬಿತ್ತು.

"ಕನ್ನಡಕ ಮರೆತು ಬಂದೆ," ಎಂದಳು ತಂಗಿ.

"ನೀನು ಕನ್ನಡಕ ಹಾಕೋಕೆ ಶುರು ಮಾಡಿದ್ದು ಯಾವಾಗ?"

ಅಕ್ಕ ಎದ್ದು ಹತ್ತಿರ ಬಂದು, ತಂಗಿಯ ಭುಜದಿಂದ ಮಣಿಕಟ್ಟಿನವರೆಗೆ ಗೇಣು ಹಾಕುತ್ತಾ ಹೋದಳು.

"ಏನೇ ಅಳೀತಿದ್ದೀಯ?"

"ಏನಿಲ್ಲ. ಸೊರಗಿದ್ದೀಯ. ಡಾಕ್ಟರ ಹತ್ರ ಹೋಗೋಣ್ವಾ?"

"ಮುಂದಿನ ವಾರ ನೋಡೋಣ," ಎಂದು ತಂಗಿ ಚಪ್ಪಲಿ ಮೆಟ್ಟಿ ಓಟ ಕಿತ್ತಿದ್ದಳು. ಆಮೇಲೆ ಅಕ್ಕನ ಜೊತೆ ಒಬ್ಬಳೇ ಕೂರಲು ಹೆದರಿದ್ದಳು.

*

"ತೋಳು ಒಳಗೆ ಮಡಚಿಬಿಡೋಣ," ಎಂದಳು ಚಿಕ್ಕಮ್ಮ. "ಯಾರು ನೋಡ್ತಾರೆ."

ತಂಗಿ ಜೋತುಬಿದ್ದ ತೋಳನ್ನೇ ನೋಡುತ್ತಿದ್ದಳು. ಕಿವಿಯ ತನಕ ಏರುವ ಕಾಲರು. ಬಿಸಿಲು ತೂರದ ದಪ್ಪ ಬಟ್ಟೆ. ಸುಮ್ಮನಿದ್ದುಬಿಟ್ಟರೆ ಅಂಗಿ ಅಕ್ಕನ ಜೊತೆಗೇ ಹೋಗುತ್ತದೆ, ಯಾರಿಗೂ ತಿಳಿಯುವುದಿಲ್ಲ. ಹಾಗೇ ಆಗಲಿ ಎಂದು ಒಂದು ಗಳಿಗೆ ಅನ್ನಿಸಿದ್ದೂ ನಿಜ.

"ಬಿಚ್ಚಿ ಚಿಕ್ಕಮ್ಮ."

"ಏನು?"

"ಅಂಗಿ ಬಿಚ್ಚಿ. ಅದು ಅಕ್ಕಂದಲ್ಲ, ನಂದು."

ಅವಳು ಅಂಗೈಯಿಂದ ಕೆನ್ನೆಯ ಪೌಡರನ್ನು ಒರೆಸಿಕೊಂಡಳು. ಚಿಕ್ಕಮ್ಮ ಒಮ್ಮೆ ಇವಳ ಮುಖ ನೋಡಿದಳು, ಒಮ್ಮೆ ಅಕ್ಕನದು. "ಅಯ್ಯೋ," ಎಂದಳು ಕಾಜಾದವಳು, ಅಷ್ಟೇ.

ಅಕ್ಕನಿಗೆ ಅವಳ ಹಳೆಯ ನೀಲಿ ಬಟ್ಟೆಯನ್ನೇ ಉಡಿಸಿದರು. ವಾಹನ ಬಂದಾಗ ಹೊರಗೆ ರಣರಣ ಬಿಸಿಲು. ಹೊಸಿಲಲ್ಲಿ ನಿಂತು ತಂಗಿ ಮೇಲಂಗಿ ತೊಟ್ಟಳು. ತೋಳು ಸರಿಯಾಗಿ ಮಣಿಕಟ್ಟಿಗೆ ಬಂದು ನಿಂತಿತು. ಬೆರಳು ಮಡಚುತ್ತಿರಲಿಲ್ಲ. ಆದರೂ ಕೊರಳಿನ ತನಕ ಒಂದೊಂದು ಗುಂಡಿಯೂ ಒಂದೇ ಸಲಕ್ಕೆ ಕಾಜಾದೊಳಗೆ ಹೋಗಿ ಕೂತಿತು.